ಕುರ್ಚಿ ಬಿಟ್ಟುಕೊಟ್ಟ ನಿರೂಪಕ: ಫಾರೂಕ್ ಶೇಖ್

ಗೆಳತಿಯರೇ, ಮೊದಲು ನನ್ನದೊಂದು ತಪ್ಪು ಒಪ್ಪಿಕೊಂಡು ಲೇಖನ ಶುರು ಮಾಡುತ್ತೇನೆ.

ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಮಹಿಳಾ ವೇದಿಕೆಯ ರಸಪ್ರಶ್ನೆ ನಡೆಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಐಟಿಯವಳು ಅಂದಮೇಲೆ ಕೇಳಬೇಕೇ? ಲ್ಯಾಪ್‌ಟಾಪ್, ಪ್ರೊಜೆಕ್ಟರ್, 30 ಸೆಕೆಂಡಿನ ಟೈಮರ್, ಸರಿ ಉತ್ತರಕ್ಕೆ ಚಪ್ಪಾಳೆ, ತಪ್ಪು ಉತ್ತರಕ್ಕೆ ಬಜರ್ ಎಲ್ಲ ಸಿದ್ಧ ಮಾಡಿಕೊಂಡು ಹೋಗಿದ್ದೆ. ಮೂರನೇ ಸುತ್ತಿನಲ್ಲಿ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದವರು ಯಾರು ಎಂದು ಕೇಳಿದೆ. ಸೂರತ್ತಿನಿಂದ ಮಗನ ಜೊತೆ ಬಂದಿದ್ದ ಹಿರಿಯರೊಬ್ಬರು, ನಾವೆಲ್ಲ ಅಜ್ಜಿ ಎಂದೇ ಕರೆಯುವವರು, ಬೇಂದ್ರೆ ಎಂದರು. ಅಷ್ಟಕ್ಕೇ ನಿಲ್ಲಿಸದೆ, ತಮ್ಮ ತವರುಮನೆ ಧಾರವಾಡದ ಸಾಧನಕೇರಿಯ ಹತ್ತಿರವೇ ಇತ್ತು ಎಂದು ಏನೋ ಹೇಳಲು ಹೊರಟರು. ಟೈಮರ್ ಮುಗಿಯಿತು. ನಾನು ಬಜರ್ ಒತ್ತಿದೆ. ಕುವೆಂಪು ಎಂದು ಸರಿ ಉತ್ತರ ತೆರೆಯ ಮೇಲೆ ಬಂತು, ಸಭೆ ನಕ್ಕಿತು, ನಾನು ಮುಂದಿನ ಪ್ರಶ್ನೆಗೆ ಹೋದೆ. ಅಜ್ಜಿ ಆ ಮೇಲೆ ಒಂದು ಮಾತೂ ಆಡಲಿಲ್ಲ. ಊಟಕ್ಕೂ ನಿಲ್ಲದೆ ಹೊರಟುಹೋದರು.

ಆ ಬಜರ್ ಸದ್ದು ಎಷ್ಟೋ ದಿನ ನನ್ನ ಕಿವಿಯಿಂದ ಹೋಗಲಿಲ್ಲ. ಕಾರ್ಯಕ್ರಮ ನಡೆಸಿಕೊಡುವುದು ಹೇಗೆ ಎಂದು ಕಲಿಯೋಣವೆಂದು ರಾತ್ರಿ ಹೊತ್ತು ಹಳೆಯ ಟಿವಿ ಕಾರ್ಯಕ್ರಮಗಳನ್ನು ಹುಡುಕಿ ನೋಡತೊಡಗಿದೆ. ಹಾಗೆ ಸಿಕ್ಕವರು ಫಾರೂಕ್ ಶೇಖ್. ಚಿಕ್ಕವಳಿದ್ದಾಗ ಝೀ ಟಿವಿಯಲ್ಲಿ ‘ಜೀನಾ ಇಸೀ ಕಾ ನಾಮ್ ಹೈ’ ನೋಡಿದ ಮಸುಕು ನೆನಪಿತ್ತು. ಅವರು ನಾವೀಗ ಬದುಕುತ್ತಿರುವ ಇದೇ ಗುಜರಾತಿನ ಮಣ್ಣಿನವರು ಎಂಬುದಾಗಲಿ, ಅವರ ಸಿನಿಮಾ ಬದುಕಿಗೆ ಬಾಗಿಲು ತೆರೆದವರು ಮೈಸೂರಿನವರು ಎಂಬುದಾಗಲಿ ನನಗೆ ಗೊತ್ತಿರಲಿಲ್ಲ. ಅವರು ತೀರಿಕೊಂಡು ದಶಕವೇ ದಾಟಿದೆ. ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕ ಸಮಿತಿಯವರು ಕೇಳಿದಾಗ ಬೇರೆ ವಿಷಯ ಹೊಳೆಯಲೇ ಇಲ್ಲ.

ನಸವಾಡಿಯಿಂದ ಮುಂಬೈಗೆ

ಫಾರೂಕ್ ಶೇಖ್ ಹುಟ್ಟಿದ್ದು 1948ರ ಮಾರ್ಚ್ 25ರಂದು, ಗುಜರಾತಿನ ಅಮರೋಲಿಯಲ್ಲಿ. ಅವರ ಮನೆತನ ಬೋಡೇಲಿಯ ಹತ್ತಿರದ ನಸವಾಡಿಯ ಜಮೀನ್ದಾರರದು. ವಡೋದರಾದ ನಮ್ಮ ಸದಸ್ಯರಿಗೆ ಈ ಊರುಗಳು ಗೊತ್ತಿರುತ್ತವೆ. ಮೊದಲು ವಡೋದರಾ ಜಿಲ್ಲೆಯಲ್ಲಿದ್ದ ಈ ಭಾಗ 2013ರಲ್ಲಿ ಹೊಸದಾಗಿ ರಚನೆಯಾದ ಛೋಟಾ ಉದೇಪುರ ಜಿಲ್ಲೆಗೆ ಸೇರಿತು. ತಂದೆ ಮುಸ್ತಫಾ ಶೇಖ್ ಮುಂಬೈಯಲ್ಲಿ ವಕೀಲರು, ತಾಯಿ ಫರೀದಾ. ಐವರು ಮಕ್ಕಳಲ್ಲಿ ಫಾರೂಕ್ ಹಿರಿಯರು. ಮನೆಯಲ್ಲಿ ಅನುಕೂಲಕ್ಕೆ ಕೊರತೆಯಿರಲಿಲ್ಲ.

ಓದಿದ್ದು ಮುಂಬೈಯ ಸೇಂಟ್ ಮೇರಿಸ್ ಶಾಲೆಯಲ್ಲಿ, ಆಮೇಲೆ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ. ತಂದೆಯ ದಾರಿಯಲ್ಲೇ ನಡೆದು ಸಿದ್ಧಾರ್ಥ ಕಾನೂನು ಕಾಲೇಜಿನಿಂದ ವಕೀಲಿ ಪದವಿಯನ್ನೂ ಪಡೆದರು. ಆದರೆ ಕೋರ್ಟಿನ ಕೆಲಸ ಅವರನ್ನು ಹಿಡಿದಿಡಲಿಲ್ಲ. ಕಾಲೇಜಿನ ದಿನಗಳಲ್ಲೇ ನಾಟಕದ ಹುಚ್ಚು ಹತ್ತಿತ್ತು. ಅಲ್ಲೇ ಓದುತ್ತಿದ್ದ ಶಬಾನಾ ಆಜ್ಮಿಯವರ ಜೊತೆಗಿನ ರಂಗಸ್ನೇಹ ಆಗ ಶುರುವಾಗಿ ಕೊನೆಯವರೆಗೂ ನಡೆಯಿತು. ಜೊತೆಗೇ ನಾಟಕ ಮಾಡುತ್ತಿದ್ದ ರೂಪಾ ಜೈನ್ ಅವರನ್ನು ಮುಂದೆ ಮದುವೆಯಾದರು. ಇಬ್ಬರು ಹೆಣ್ಣುಮಕ್ಕಳು. ಮುಂಬೈಯ ‘ಇಪ್ಟಾ’ ರಂಗತಂಡ ಅವರ ಎರಡನೇ ಶಾಲೆಯಾಯಿತು.

ಮುಂಬೈ ದೂರದರ್ಶನ ಶುರುವಾದದ್ದು 1972ರ ಅಕ್ಟೋಬರ್ 2ರಂದು. ಟಿವಿ ಎಂದರೆ ಬೀದಿಗೊಂದು ಮನೆಯಲ್ಲಿ ಇದ್ದರೆ ಹೆಚ್ಚು ಎನ್ನುವ ಕಾಲ. ನಮ್ಮ ಸಂಘದ ಕೆಲವರು ದುಡಿಯುವ ಅಹಮದಾಬಾದಿನ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರಿನ ಮುಂದಾಳತ್ವದಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿವಿ ತಲುಪಿಸುವ ‘ಸೈಟ್’ ಪ್ರಯೋಗ ನಡೆದದ್ದು ಇದಾದ ಮೇಲೆ, 1975-76ರಲ್ಲಿ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಮ್ಮ ಕರ್ನಾಟಕದ ಹಳ್ಳಿಗಳೂ ಇದ್ದವು. ಆ ಹೊಸ ಮಾಧ್ಯಮದಲ್ಲಿ, ಹಾಗೇ ರೇಡಿಯೋದಲ್ಲಿ, ಯುವಕರ ಕಾರ್ಯಕ್ರಮಗಳನ್ನೂ ರಸಪ್ರಶ್ನೆಗಳನ್ನೂ ನಡೆಸಿಕೊಡುತ್ತಾ ಫಾರೂಕ್ ಮಾತಿನ ಕೆಲಸ ಕಲಿತರು. ಕಾನೂನು ಓದಿದವರ ತಾರ್ಕಿಕತೆ, ರಂಗಭೂಮಿಯ ಶುದ್ಧ ಉಚ್ಚಾರ, ಮನೆಯ ಸಂಸ್ಕಾರದ ಮರ್ಯಾದೆ ಮೂರೂ ಅಲ್ಲಿ ಒಟ್ಟಿಗೆ ಸೇರಿದವು.

ಮೈಸೂರಿನವರ ಸಿನಿಮಾ, ಬೆಂಗಳೂರಿನ ಚಪ್ಪಾಳೆ

ಇಲ್ಲಿ ನಮ್ಮ ಕನ್ನಡದ ಕೊಂಡಿ ಬರುತ್ತದೆ. ಮೈಸೂರಿನಲ್ಲಿ ಹುಟ್ಟಿದ ಎಂ.ಎಸ್. ಸತ್ಯು ಅವರು ದೇಶ ವಿಭಜನೆಯ ನಂತರ ಆಗ್ರಾದ ಮುಸ್ಲಿಂ ಕುಟುಂಬವೊಂದು ಪಡುವ ಪಾಡಿನ ಬಗ್ಗೆ ‘ಗರ್ಮ್ ಹವಾ’ ಸಿನಿಮಾ ತೆಗೆಯಲು ಹೊರಟಿದ್ದರು. ಕಥೆ ಇಸ್ಮತ್ ಚುಗ್ತಾಯಿಯವರದು. ಚಿತ್ರಕಥೆ ಕೈಫಿ ಆಜ್ಮಿ ಮತ್ತು ಶಮಾ ಝೈದಿ ಅವರದು. ಮನೆಯ ಯಜಮಾನನಾಗಿ ಬಲರಾಜ್ ಸಾಹ್ನಿ. ಕೈಯಲ್ಲಿ ದುಡ್ಡಿಲ್ಲದ ತಂಡ. ರಂಗಭೂಮಿಯ ಗೆಳೆಯರೇ ನಟರು. ಆ ಮನೆಯ ಕಿರಿಯ ಮಗ ಸಿಕಂದರ್ ಪಾತ್ರಕ್ಕೆ ಫಾರೂಕ್ ಆಯ್ಕೆಯಾದರು. ಸಂಭಾವನೆ 750 ರೂಪಾಯಿ!

ಸಿನಿಮಾ ಮುಗಿದ ಮೇಲೂ ತೊಂದರೆ ತಪ್ಪಲಿಲ್ಲ. ಗಲಭೆಯಾದೀತು ಎಂಬ ಭಯದಿಂದ ಸೆನ್ಸಾರ್ ಮಂಡಳಿ ತಿಂಗಳುಗಟ್ಟಲೆ ತಡೆಹಿಡಿಯಿತು. ಕೊನೆಗೂ ಅದು ಮೊದಲು ತೆರೆ ಕಂಡದ್ದು ಎಲ್ಲಿ ಗೊತ್ತೇ? ನಮ್ಮ ಬೆಂಗಳೂರಿನಲ್ಲಿ, ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ. ಅಲ್ಲಿನ ಜನ ಪ್ರೀತಿಯಿಂದ ನೋಡಿದ್ದರಿಂದಲೇ ದೇಶದ ಬೇರೆ ಕಡೆ ಬಿಡುಗಡೆಯ ದಾರಿ ತೆರೆಯಿತು. ಗುಜರಾತ್ ಮೂಲದ ಹುಡುಗನ ಮೊದಲ ಸಿನಿಮಾಕ್ಕೆ ಮೊದಲ ಚಪ್ಪಾಳೆ ಹೊಡೆದವರು ಬೆಂಗಳೂರಿನವರು ಎಂದು ತಿಳಿದಾಗ, ಗುಜರಾತಿನಲ್ಲಿ ಕೂತ ಕನ್ನಡತಿಯಾಗಿ ನನಗೆ ಸಣ್ಣ ಹೆಮ್ಮೆಯೇ ಆಯಿತು.

ಆಮೇಲಿನ ಹತ್ತು ವರ್ಷ ಅವರ ಸಿನಿಮಾ ಬದುಕಿನ ತುಂಬು ಕಾಲ. ಸತ್ಯಜಿತ್ ರಾಯ್ ಅವರ ‘ಶತರಂಜ್ ಕೆ ಖಿಲಾಡಿ’ಯಲ್ಲಿ (1977) ಒಂದು ಪಾತ್ರ. ಮುಝಫ್ಫರ್ ಅಲಿಯವರ ‘ಗಮನ್’ನಲ್ಲಿ (1978) ಊರಲ್ಲಿ ಹೆಂಡತಿಯನ್ನು ಬಿಟ್ಟು ಮುಂಬೈಗೆ ಬಂದು ಟ್ಯಾಕ್ಸಿ ಓಡಿಸುವ ಯುವಕ. ದುಡಿಯುತ್ತಾನೆ, ದುಡಿಯುತ್ತಾನೆ, ಊರಿಗೆ ಹೋಗುವಷ್ಟು ದುಡ್ಡು ಮಾತ್ರ ಕೂಡುವುದಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮಂಥವರು ಆ ಸಿನಿಮಾ ನೋಡಿದರೆ ಗಂಟಲು ಕಟ್ಟುತ್ತದೆ. ‘ನೂರಿ’ (1979) ಅವರನ್ನು ಮನೆಮಾತಾಗಿಸಿತು. ‘ಉಮ್ರಾವ್ ಜಾನ್’ನಲ್ಲಿ (1981) ಅವರು ನವಾಬ ಸುಲ್ತಾನ್.

ಸಾಯಿ ಪರಾಂಜಪೆಯವರ ‘ಚಶ್ಮೆ ಬದ್ದೂರ್’ (1981) ನಿಮ್ಮಲ್ಲಿ ಬಹುತೇಕರು ನೋಡಿರುತ್ತೀರಿ. ಬಾಗಿಲು ತಟ್ಟಿ ಚಮ್ಕೋ ಸಾಬೂನು ಪುಡಿ ಮಾರಲು ಬರುವ ದೀಪ್ತಿ ನವಲ್, ಬಾಗಿಲು ತೆರೆದು ಮಾತು ತಡವರಿಸುವ ಓದುಗುಳಿ ಹುಡುಗ ಫಾರೂಕ್. ಅದೇ ನಿರ್ದೇಶಕಿಯ ‘ಕಥಾ’ದಲ್ಲಿ (1983) ಪೂರ್ತಿ ತಿರುವು. ಆಮೆ ಮೊಲದ ಕಥೆಯನ್ನು ವಠಾರಕ್ಕೆ ತಂದಿಟ್ಟ ಆ ಸಿನಿಮಾದಲ್ಲಿ ನಾಸಿರುದ್ದೀನ್ ಶಾ ಆಮೆ, ಫಾರೂಕ್ ನಯವಾಗಿ ಸುಳ್ಳು ಹೇಳಿ ಎಲ್ಲರಿಂದ ಉಂಡು ತಿಂದು ಓಡುವ ಮೊಲ. ನಮ್ಮ ವೇದಿಕೆಯಲ್ಲಿ ಒಮ್ಮೆ ಎಲ್ಲರೂ ಕೂತು ನೋಡಬೇಕಾದದ್ದು ‘ಬಾಝಾರ್’ (1982). ಹೈದರಾಬಾದಿನ ಬಡ ಮನೆಯ ಹುಡುಗಿಯನ್ನು ಕೊಲ್ಲಿಯಿಂದ ಬಂದ ಹಣವಂತನಿಗೆ ಮದುವೆಯ ಹೆಸರಿನಲ್ಲಿ ಮಾರುವ ಕಥೆ ಅದು. ಅವಳನ್ನು ಪ್ರೀತಿಸಿಯೂ ಉಳಿಸಿಕೊಳ್ಳಲಾಗದ ಯುವಕ ಸರ್ಜೂ ಆಗಿ ಫಾರೂಕ್ ಇದ್ದಾರೆ.

ಇಷ್ಟೆಲ್ಲ ಸಿನಿಮಾಗಳಲ್ಲಿ ಒಂದು ವಿಷಯ ಗಮನಿಸಿದೆ. ಹೆಚ್ಚಿನವು ನಾಯಕಿಯ ಕಥೆಗಳು. ಎದುರಿಗಿರುವ ಸ್ಮಿತಾ ಪಾಟೀಲ್, ರೇಖಾ, ದೀಪ್ತಿ ನವಲ್, ಸುಪ್ರಿಯಾ ಪಾಠಕ್ ಇವರ ಪಾತ್ರಗಳು ಬೆಳೆಯಲು ಜಾಗ ಕೊಟ್ಟು, ತಾವು ಒಂದು ಹೆಜ್ಜೆ ಹಿಂದೆ ನಿಲ್ಲುವುದಕ್ಕೆ ಅವರಿಗೆ ಮುಜುಗರವಿರಲಿಲ್ಲ. ಆಗ ಹೊಡೆದಾಟದ ನಾಯಕರ ಕಾಲ. ಬಿಳಿ ಚಿಕನ್ ಕಸೂತಿಯ ಕುರ್ತಾ ತೊಟ್ಟು ಮೆಲ್ಲಗೆ ಮಾತಾಡುವ ಇವರು ಪಕ್ಕದ ಮನೆಯ ಹುಡುಗನಂತೆ ಕಂಡರು.

ಅತಿಥಿಯ ಬದುಕಿನ ಹೋಂವರ್ಕ್

ಎಂಬತ್ತರ ದಶಕದ ಕೊನೆಗೆ ಅಂಥ ಸಿನಿಮಾಗಳೇ ಕಡಿಮೆಯಾದವು. ಫಾರೂಕ್ ಅದಕ್ಕೆ ಕೊರಗುತ್ತ ಕೂರಲಿಲ್ಲ. ಟಿವಿ, ರಂಗಭೂಮಿ ಎರಡೂ ಅವರಿಗೆ ಹಳೆಯ ಮನೆಗಳೇ. ಶರತ್‌ಚಂದ್ರರ ಕಾದಂಬರಿ ಆಧರಿಸಿದ ‘ಶ್ರೀಕಾಂತ್’ ಧಾರಾವಾಹಿಯಲ್ಲಿ ದೂರದರ್ಶನದಲ್ಲಿ ಕಾಣಿಸಿಕೊಂಡಿದ್ದರು. ಮುಂದೆ ಬ್ರಿಟನ್ನಿನ ‘ಯೆಸ್ ಮಿನಿಸ್ಟರ್’ ಅನ್ನು ಹಿಂದಿಗೆ ತಂದ ‘ಜೀ ಮಂತ್ರೀಜಿ’ಯಲ್ಲಿ (2001) ಅಧಿಕಾರಿಗಳ ಕೈಯಲ್ಲಿ ಸಿಕ್ಕಿ ಒದ್ದಾಡುವ ಮಂತ್ರಿಯಾದರು.

ಆದರೆ ಮನೆಮನೆಯ ಹೆಂಗಸರಿಗೆ ಅವರು ಹತ್ತಿರವಾದದ್ದು ‘ಜೀನಾ ಇಸೀ ಕಾ ನಾಮ್ ಹೈ’ ನಿರೂಪಕರಾಗಿ. ಅಮೆರಿಕದಲ್ಲಿ ರಾಲ್ಫ್ ಎಡ್ವರ್ಡ್ಸ್ ಎಂಬ ನಿರೂಪಕರು 1948ರಲ್ಲಿ ರೇಡಿಯೋದಲ್ಲಿ, 1952ರಿಂದ ಟಿವಿಯಲ್ಲಿ ‘ದಿಸ್ ಈಸ್ ಯುವರ್ ಲೈಫ್’ ಎಂಬ ಕಾರ್ಯಕ್ರಮ ನಡೆಸಿದ್ದರು. ಅದಕ್ಕೂ ಮೊದಲು ಅವರು ‘ಟ್ರೂತ್ ಆರ್ ಕಾನ್ಸಿಕ್ವೆನ್ಸಸ್’ ಎಂಬ ಹೆಸರಾಂತ ಆಟದ ಕಾರ್ಯಕ್ರಮ ಹುಟ್ಟುಹಾಕಿದವರು. ಹಾಗಾಗಿ ಈ ಮಾದರಿಯ ಒಳಗೂ ಆಟವೊಂದು ಅಡಗಿದೆ. ಅತಿಥಿಯನ್ನು ಕೂರಿಸಿ, ಅವರಿಗೆ ತಿಳಿಯದಂತೆ ಬಾಲ್ಯದ ಗೆಳೆಯರು, ಮೇಷ್ಟ್ರು, ಬಂಧುಗಳನ್ನು ಒಬ್ಬೊಬ್ಬರಾಗಿ ಕರೆತರುವುದು. ಈಗ ಯಾರು ಬರುತ್ತಾರೋ ಎಂಬ ಕುತೂಹಲ ಅತಿಥಿಗೂ ಇರುತ್ತದೆ, ನೋಡುವವರಿಗೂ ಇರುತ್ತದೆ. ಝೀ ಕನ್ನಡದಲ್ಲಿ 2014ರಿಂದ ರಮೇಶ್ ಅರವಿಂದ್ ನಡೆಸಿಕೊಟ್ಟ ‘ವೀಕೆಂಡ್ ವಿತ್ ರಮೇಶ್’ ಮತ್ತು ಅದರ ಕೆಂಪು ಕುರ್ಚಿ ನೆನಪಿಸಿಕೊಂಡರೆ ನಿಮಗೆ ಪೂರ್ತಿ ಅರ್ಥವಾಗುತ್ತದೆ. ಅದೇ ಬಗೆಯ ಕಾರ್ಯಕ್ರಮವನ್ನು ಹಿಂದಿಯ ವೀಕ್ಷಕರು ಫಾರೂಕ್ ಅವರಿಂದ ಅದಕ್ಕಿಂತ ಎಷ್ಟೋ ವರ್ಷ ಮುಂಚೆ ನೋಡಿದ್ದರು.

ಹಳೆಯ ಕಂತುಗಳನ್ನು ನೋಡುತ್ತ ನಾನು ಒಂದು ಪಟ್ಟಿಯನ್ನೇ ಮಾಡಿಕೊಂಡೆ. ಒಂದು, ಅವರು ಪ್ರಶ್ನೆ ಚಿಕ್ಕದಾಗಿ ಕೇಳುತ್ತಾರೆ, ಉತ್ತರಕ್ಕೆ ಉದ್ದ ಸಮಯ ಬಿಡುತ್ತಾರೆ. ಎರಡು, ಅತಿಥಿ ಎಷ್ಟು ಕಿರಿಯರಾದರೂ ಬಹುವಚನ ಬಿಡುವುದಿಲ್ಲ. ಮೂರು, ತಮಾಷೆ ಮಾಡುತ್ತಾರೆ, ಚೆನ್ನಾಗಿಯೇ ಕಾಲೆಳೆಯುತ್ತಾರೆ. ಆದರೆ ಆ ನಗುವಿನಲ್ಲಿ ಅತಿಥಿಯೂ ಸೇರಿರುತ್ತಾರೆ, ಒಬ್ಬರೇ ಹೊರಗೆ ಉಳಿಯುವುದಿಲ್ಲ. ನಾಲ್ಕು, ಊರಿನಿಂದ ಬಂದ ಹಳೆಯ ಮೇಷ್ಟ್ರಿಗೂ ಸಿನಿಮಾದ ದೊಡ್ಡ ತಾರೆಗೂ ಒಂದೇ ಮರ್ಯಾದೆ. ಐದು, ಯಾರಾದರೂ ಕಣ್ಣೀರು ಹಾಕಿದರೆ ತಕ್ಷಣ ಮಾತು ತುಂಬುವುದಿಲ್ಲ, ಸುಮ್ಮನಿರುತ್ತಾರೆ. ನಮ್ಮ ಕಚೇರಿಯಲ್ಲಿ ಸಾಫ್ಟ್‌ವೇರ್ ಬರೆಯುವ ಮೊದಲು ಬಳಸುವವರ ಮಾತು ಪೂರ್ತಿ ಕೇಳಿಕೊಳ್ಳಿ ಎಂದು ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ. ವೇದಿಕೆ ಹತ್ತಿದಾಗ ಅದನ್ನು ಮರೆತಿದ್ದೆ.

2000ದ ಜುಲೈ 3ರಂದು ‘ಕೌನ್ ಬನೇಗಾ ಕರೋಡ್‌ಪತಿ’ ಶುರುವಾದ ಮೇಲೆ ದುಡ್ಡು, ಗಡಿಯಾರ, ಎದೆ ಬಡಿತದ ಸಂಗೀತ ಇವೆಲ್ಲ ಟಿವಿ ಆಟದ ಅಂಗವಾದವು. 2012ರಲ್ಲಿ ಪುನೀತ್ ರಾಜ್‌ಕುಮಾರ್ ‘ಕನ್ನಡದ ಕೋಟ್ಯಧಿಪತಿ’ ನಡೆಸಿಕೊಟ್ಟಾಗ ನಮ್ಮ ಮನೆಯವರೆಲ್ಲ ಟಿವಿ ಮುಂದೆ ಕೂರುತ್ತಿದ್ದರು. ಗಡಿಯಾರವೇನೋ ಅಲ್ಲೂ ಓಡುತ್ತಿತ್ತು, ಆದರೂ ಪುನೀತ್ ಎದುರಿಗಿದ್ದವರ ಮನೆಯ ಸುದ್ದಿ ಕೇಳದೆ ಬಿಡುತ್ತಿರಲಿಲ್ಲ. ದೂರದರ್ಶನ ಚಂದನದ ‘ಥಟ್ ಅಂತ ಹೇಳಿ’ಯಲ್ಲಿ ನಾ. ಸೋಮೇಶ್ವರ ಅವರು ಬಹುಮಾನವಾಗಿ ಪುಸ್ತಕ ಕೊಡುತ್ತಾರೆ. ಒಬ್ಬೊಬ್ಬರದು ಒಂದೊಂದು ರೀತಿ. ಟೈಮರ್ ಇಟ್ಟುಕೊಂಡೂ ಮನುಷ್ಯರನ್ನು ಮಾತಾಡಿಸಬಹುದು ಎಂದು ಇವರನ್ನೆಲ್ಲ ನೋಡಿ ತಿಳಿಯಿತು.

ಎರಡು ಕುರ್ಚಿ, ಒಂದು ಕಟ್ಟು ಪತ್ರ

ರಂಗಭೂಮಿಯಲ್ಲಿ ಅವರ ದೊಡ್ಡ ಕೆಲಸ ‘ತುಮ್ಹಾರಿ ಅಮೃತಾ’. ಎ.ಆರ್. ಗರ್ನಿ ಅವರ ಇಂಗ್ಲಿಷ್ ನಾಟಕ ‘ಲವ್ ಲೆಟರ್ಸ್’ ಆಧರಿಸಿ ಜಾವೇದ್ ಸಿದ್ದೀಕಿ ಬರೆದದ್ದು, ಫಿರೋಜ್ ಅಬ್ಬಾಸ್ ಖಾನ್ ನಿರ್ದೇಶಿಸಿದ್ದು. 1992ರಲ್ಲಿ ಶುರುವಾಯಿತು. ರಂಗಸಜ್ಜಿಕೆ ಇಲ್ಲ, ಹಾಡು ಕುಣಿತ ಇಲ್ಲ. ಶಬಾನಾ ಆಜ್ಮಿ ಮತ್ತು ಫಾರೂಕ್ ಕೂತು, ಬಾಲ್ಯದಿಂದ ನಡುವಯಸ್ಸಿನವರೆಗೆ ಇಬ್ಬರು ಬರೆದುಕೊಂಡ ಪತ್ರಗಳನ್ನು ಓದುತ್ತಾರೆ. ಅಷ್ಟೇ. ಇದನ್ನು ಯಾರು ನೋಡುತ್ತಾರೆ ಎಂದು ಅನ್ನಿಸುವಂಥ ನಾಟಕ ಇಪ್ಪತ್ತೊಂದು ವರ್ಷ ದೇಶ ವಿದೇಶಗಳಲ್ಲಿ ನಡೆಯಿತು. ಒಬ್ಬರು ಓದುವಾಗ ಇನ್ನೊಬ್ಬರು ಕೇಳಿಸಿಕೊಳ್ಳುವುದೇ ಅಲ್ಲಿನ ಅಭಿನಯ.

ವಯಸ್ಸಾದ ಮೇಲೆ ಸಿನಿಮಾ ಅವರನ್ನು ಮತ್ತೆ ಕರೆಯಿತು. ‘ಲಾಹೋರ್’ ಚಿತ್ರದ ಕೋಚ್ ಪಾತ್ರಕ್ಕೆ ಅತ್ಯುತ್ತಮ ಪೋಷಕ ನಟ ರಾಷ್ಟ್ರಪ್ರಶಸ್ತಿ 2010ರಲ್ಲಿ ಬಂತು. ಅರವತ್ತು ದಾಟಿದ ಮೇಲೆ! 2012ರಲ್ಲಿ ‘ಶಾಂಘೈ’, 2013ರಲ್ಲಿ ದೀಪ್ತಿ ನವಲ್ ಜೊತೆ ‘ಲಿಸನ್ ಅಮಾಯಾ’, ‘ಯೇ ಜವಾನಿ ಹೈ ದೀವಾನಿ’ಯಲ್ಲಿ ರಣಬೀರ್ ಕಪೂರ್ ತಂದೆ, ‘ಕ್ಲಬ್ 60’. ಅದೇ ವರ್ಷ ‘ಚಶ್ಮೆ ಬದ್ದೂರ್’ ಹೊಸ ಪ್ರಿಂಟಿನಲ್ಲಿ ಮತ್ತೆ ಚಿತ್ರಮಂದಿರಕ್ಕೆ ಬಂದು, ಆ ದಿನಗಳಲ್ಲಿ ಹುಟ್ಟೇ ಇರದ ಹುಡುಗ ಹುಡುಗಿಯರು ನೋಡಿ ನಕ್ಕರು.

2013ರ ಡಿಸೆಂಬರ್ 14ರಂದು ಆಗ್ರಾದಲ್ಲಿ, ತಾಜ್ ಮಹಲಿನ ಸನ್ನಿಧಿಯಲ್ಲಿ, ‘ತುಮ್ಹಾರಿ ಅಮೃತಾ’ ಪ್ರದರ್ಶನವಾಯಿತು. ಮೊದಲ ಸಿನಿಮಾದ ಕಥೆ ನಡೆದ ಊರಿನಲ್ಲೇ ಅವರು ಆ ನಾಟಕವನ್ನು ಕೊನೆಯ ಸಲ ಓದಿದರು. ಎರಡು ವಾರ ಕಳೆದು, ಕುಟುಂಬದ ಜೊತೆ ದುಬೈಗೆ ಹೋಗಿದ್ದಾಗ ಹೃದಯಾಘಾತವಾಗಿ, ಡಿಸೆಂಬರ್ 28ರಂದು ತೀರಿಕೊಂಡರು. 65 ವರ್ಷ.

ಹೇಳದೆ ಕೊಟ್ಟದ್ದು

ಅವರು ಹೋದ ಮೇಲೆ ಒಂದು ವಿಷಯ ಪತ್ರಿಕೆಯಲ್ಲಿ ಬಂತು. 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ತಾಜ್ ಹೋಟೆಲಿನ ನಿರ್ವಹಣಾ ವಿಭಾಗದ ನೌಕರರೊಬ್ಬರು ಅತಿಥಿಗಳನ್ನು ಕಾಪಾಡಲು ಹೋಗಿ ಗುಂಡೇಟು ತಿಂದು ಪ್ರಾಣ ಬಿಟ್ಟಿದ್ದರು. ಅವರ ಹೆಂಡತಿ ಮಕ್ಕಳ ಬಗ್ಗೆ ಪತ್ರಿಕೆಯಲ್ಲಿ ಓದಿದ ಫಾರೂಕ್, ಆ ಮಕ್ಕಳ ಓದಿನ ಖರ್ಚನ್ನು ವರ್ಷ ವರ್ಷ ಕೊಡುತ್ತ ಬಂದರು. ಹೆಸರು ಮಾತ್ರ ಹೇಳಬಾರದು ಎಂಬ ಷರತ್ತು ಹಾಕಿದ್ದರು. ದುಡ್ಡು ಯಾರಿಂದ ಬರುತ್ತಿದೆ ಎಂದು ಆ ತಾಯಿಗೂ ಗೊತ್ತಿರಲಿಲ್ಲ. ಕೊಟ್ಟ ಕೈ ಯಾವುದೆಂದು ತಿಳಿಯುವ ಹೊತ್ತಿಗೆ ಕೊಟ್ಟವರೇ ಇರಲಿಲ್ಲ.

ಬೇರೆಯವರ ಬದುಕನ್ನು ಲಕ್ಷಾಂತರ ಜನರೆದುರು ತೆರೆದು ತೋರಿಸುವ ಕೆಲಸ ಮಾಡಿದವರು, ತಮ್ಮ ಬದುಕಿನ ಈ ಪುಟವನ್ನು ಮಾತ್ರ ಮುಚ್ಚಿಟ್ಟುಕೊಂಡಿದ್ದರು. ಅದನ್ನು ಓದಿದ ರಾತ್ರಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ.

ಮರುದಿನ ಸೂರತ್ತಿನ ಅಜ್ಜಿಗೆ ಫೋನ್ ಮಾಡಿದೆ. ಕ್ಷಮಿಸಿ ಅಂದೆ. ಏನಕ್ಕ ಅಂತ ಮೊದಲು ಗೊತ್ತೇ ಇಲ್ಲದವರಂತೆ ಮಾತಾಡಿದರು. ಅಂದು ಸಾಧನಕೇರಿಯ ಬಗ್ಗೆ ಏನೋ ಹೇಳಲು ಹೊರಟಿದ್ದಿರಲ್ಲ, ಹೇಳಿ ಅಜ್ಜಿ ಎಂದೆ. ನಲವತ್ತು ನಿಮಿಷ ಮಾತಾಡಿದರು. ತವರಿನ ಮನೆ, ಮಳೆಗಾಲದ ಕೆರೆ, ಬೀದಿಯಲ್ಲಿ ನಡೆದು ಹೋಗುತ್ತಿದ್ದ ಕವಿ, ಮದುವೆಯಾಗಿ ಭಾಷೆ ಬಾರದ ಸೂರತ್ತಿಗೆ ಬಂದಿಳಿದ ದಿನ, ಸೊಪ್ಪಿನ ಹೆಸರು ಗೊತ್ತಿಲ್ಲದೆ ಬೆರಳು ತೋರಿಸಿ ತರಕಾರಿ ಕೊಂಡದ್ದು, ಕನ್ನಡ ಮಾತಾಡಲು ಯಾರೂ ಸಿಗದೆ ದೇವರ ಮನೆಯಲ್ಲಿ ಒಬ್ಬರೇ ಜೋರಾಗಿ ಮಾತಾಡಿಕೊಳ್ಳುತ್ತಿದ್ದದ್ದು. ನಾನು ನಡುವೆ ಬಾಯಿ ಹಾಕಲಿಲ್ಲ.

ಅಹಮದಾಬಾದ್, ವಡೋದರಾ, ಸೂರತ್ ಮೂರೂ ಕಡೆ ಇಂಥ ಹಿರಿಯರು ನಮ್ಮ ನಡುವೆ ಇದ್ದಾರೆ. ಮುಂದಿನ ಕಾರ್ಯಕ್ರಮದಲ್ಲಿ ರಸಪ್ರಶ್ನೆ ಇದ್ದೇ ಇರುತ್ತದೆ, ಬಜರ್ ಮಾತ್ರ ಇರುವುದಿಲ್ಲ. ಅದರ ಜೊತೆ ಅರ್ಧ ಗಂಟೆ ಒಂದು ಕುರ್ಚಿ ಇಡೋಣ ಎಂದು ಸಮಿತಿಯನ್ನು ಕೇಳಿದ್ದೇನೆ. ಅದರಲ್ಲಿ ಪ್ರತಿ ಸಲ ಒಬ್ಬ ಹಿರಿಯರು. ಅವರ ಹಳೆಯ ನೆರೆಯವರನ್ನು, ಮೊದಲ ಗುಜರಾತಿ ಗೆಳತಿಯನ್ನು ಗುಟ್ಟಾಗಿ ಕರೆತರುವ ಕೆಲಸ ನಮ್ಮದು. ನಿಮ್ಮ ಮನೆಯಲ್ಲಿ, ನಿಮ್ಮ ಸೊಸೈಟಿಯಲ್ಲಿ ಯಾರಾದರೂ ಇದ್ದರೆ ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ತಿಳಿಸಿ. ಮೊದಲ ಕುರ್ಚಿ ಯಾರಿಗೆಂದು ಆಗಲೇ ನಿಶ್ಚಯವಾಗಿದೆ. ಸೂರತ್ತಿನಿಂದ ಬರಲು ಅವರು ಒಪ್ಪಿದ್ದಾರೆ, ಈ ಸಲ ಊಟ ಮಾಡಿಕೊಂಡೇ ಹೋಗುತ್ತಾರಂತೆ.